ಕುಕ್ಕರ್ ಲಂಚವಾದರೆ ಗ್ಯಾರಂಟಿ ಏನು?

ಬಯಲುಸೀಮೆ: ಚುನಾವಣೆ ಘೋಷಣೆಯಾಗುವ ಎಷ್ಟೋ ತಿಂಗಳ ಮುಂಚೆಯೇ ಟಿಕೆಟ್ ಆಕಾಂಕ್ಷಿಗಳು ಮನೆಮನೆಗೆ ಕುಕ್ಕರ್, ಸೀರೆ ಹಂಚುತ್ತಾರೆ. ದೂರು ಕೊಟ್ಟರೆ 'ನೀತಿಸಂಹಿತೆ ಇನ್ನೂ ಜಾರಿಯಾಗಿಲ್ಲ' ಅನ್ನುತ್ತಾರೆ. ಪ್ರಣಾಳಿಕೆಯಲ್ಲಿ ತಿಂಗಳಿಗೆ 2,000 ರೂಪಾಯಿ ಕೊಡುತ್ತೇವೆ ಅಂದರೂ ತಪ್ಪಿಲ್ಲವಂತೆ. ಹಾಗಾದರೆ ಕಾನೂನಿನಲ್ಲಿ ಲಂಚ ಯಾವುದು?

ಅರಳಿಕಟ್ಟೆ: ಸರ್, ಇಲ್ಲಿ ಎರಡು ಕಾನೂನು ಇವೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 123(1)ರಲ್ಲಿ ಲಂಚ 'ಭ್ರಷ್ಟ ಆಚರಣೆ'. ಸಾಬೀತಾದರೆ ಗೆಲುವು ರದ್ದು, ಆರು ವರ್ಷದವರೆಗೆ ಅನರ್ಹತೆ. ಆದರೆ 1975ರ ತಿದ್ದುಪಡಿ ಬಂದಮೇಲೆ ನಾಮಪತ್ರ ಸಲ್ಲಿಸಿದವರಷ್ಟೇ 'ಅಭ್ಯರ್ಥಿ'. ಅದಕ್ಕೂ ಮೊದಲು, ನಿಲ್ಲುತ್ತೇನೆಂದು ಹೇಳಿಕೊಂಡು ಓಡಾಡುವವರೂ ಆ ಮಾತಿನಲ್ಲಿ ಸೇರುತ್ತಿದ್ದರು. ಕುಕ್ಕರ್ ಮುಂಚೆಯೇ ಹಂಚಿ ಮುಗಿಸುವುದು ಈ ಕಿಂಡಿಯಿಂದ.

ದಂಡಸಂಹಿತೆಗೆ ಈ ಮಿತಿ ಇಲ್ಲ. ಭಾರತೀಯ ನ್ಯಾಯ ಸಂಹಿತೆ ಕಲಂ 170 (ಹಿಂದಿನ ಐಪಿಸಿ 171ಬಿ) ಪ್ರಕಾರ ಮತಕ್ಕಾಗಿ ಯಾರು ಕೊಟ್ಟರೂ ಅಪರಾಧ, ತಗೊಂಡರೂ ಅಪರಾಧ. ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಬಾಡೂಟ, ಹೆಂಡ ಮಾತ್ರವಾದರೆ ಬರೀ ದಂಡ. 'ನೀತಿಸಂಹಿತೆ ಬಂದಿಲ್ಲ' ಅನ್ನುವುದು ಈ ಕಲಮಿಗೆ ಉತ್ತರವಲ್ಲ.

ಹೇಮಾವತಿ: ಹೇಳುವುದು ಸುಲಭ ಸರ್. ಇದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿದರೆ ಹೈಕೋರ್ಟ್‌ನಲ್ಲಿ ಪ್ರಕರಣ ರದ್ದಾಗುತ್ತದೆ. ಎಷ್ಟೋ ಪ್ರಕರಣಗಳು ಬಿದ್ದುಹೋಗುವುದು ಇಲ್ಲೇ, ಸಾಕ್ಷ್ಯದ ಮಾತು ಬರುವ ಮೊದಲೇ. ದೂರುದಾರರು ಠಾಣೆಯಲ್ಲಿ ಅರ್ಜಿ ಕೊಟ್ಟು ಸುಮ್ಮನಾಗಬಾರದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಕಲಂ 174ರಡಿ ಅನುಮತಿ ಕೇಳಿದ್ದಾರಾ, ಲಿಖಿತ ಆದೇಶ ಬಂತಾ ಎಂದು ಬೆನ್ನು ಹತ್ತಬೇಕು.

ತುಂಗಾತೀರ: ಗ್ಯಾರಂಟಿಯೂ ಲಂಚವೇ ಎಂಬುದು ನನ್ನ ವಾದ. ಸರ್ಕಾರದ ದುಡ್ಡಿನಲ್ಲಿ ಮತ ಕೊಳ್ಳುವುದು ಇನ್ನೂ ಕೆಟ್ಟದ್ದು.

ಅರಳಿಕಟ್ಟೆ: ನ್ಯಾಯಾಲಯ ಹಾಗೆ ನೋಡಿಲ್ಲ ಸರ್. ಕಲಂ 170ರಲ್ಲೇ ವಿನಾಯಿತಿ ಇದೆ: ಸಾರ್ವಜನಿಕ ನೀತಿಯ ಘೋಷಣೆ, ಸಾರ್ವಜನಿಕ ಕ್ರಮದ ಭರವಸೆ ಅಪರಾಧವಲ್ಲ. ಸುಪ್ರೀಂ ಕೋರ್ಟಿನ 2013ರ ಸುಬ್ರಮಣಿಯಂ ಬಾಲಾಜಿ ತೀರ್ಪು ಪ್ರಣಾಳಿಕೆಯ ಭರವಸೆಯನ್ನು ಭ್ರಷ್ಟ ಆಚರಣೆ ಅನ್ನಲಿಲ್ಲ. ಪಕ್ಷದ ಗ್ಯಾರಂಟಿಗಳೇ ಭ್ರಷ್ಟ ಆಚರಣೆ ಎಂದಿದ್ದ, ಚಾಮರಾಜಪೇಟೆಯ 2023ರ ಚುನಾವಣೆ ಕುರಿತ ಮೇಲ್ಮನವಿಯನ್ನೂ 2024ರಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು. ಗೆದ್ದವರ ಯೋಜನೆ ಅವರಿಗೆ ಮತ ಹಾಕದವರಿಗೂ ಸಿಗುತ್ತದೆ, ಕುಕ್ಕರ್ ಹಾಗಲ್ಲ.

ತುಂಗಾತೀರ: ಬಾಲಾಜಿ ತೀರ್ಪಿನ ಮರುಪರಿಶೀಲನೆಯನ್ನು 2022ರಲ್ಲೇ ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ವಹಿಸಿದ್ದಾರಲ್ಲ, ಅದನ್ನೂ ಹೇಳಿ. ಮತದಾರರ ಹೆಸರು, ಮೊಬೈಲ್ ನಂಬರ್ ಬರೆಸಿಕೊಂಡು ಗ್ಯಾರಂಟಿ ಕಾರ್ಡ್ ಕೊಟ್ಟರೆ ಅದೂ ಬರೀ ನೀತಿಯೇ?

ಹೇಮಾವತಿ: ಅಲ್ಲಿ ನೀವು ಸರಿ. ಸಮೀಕ್ಷೆಯ ಹೆಸರಲ್ಲಿ ಹಾಗೆ ನೋಂದಣಿ ಮಾಡಿಸುವುದನ್ನು ನಿಲ್ಲಿಸಿ ಎಂದು ಚುನಾವಣಾ ಆಯೋಗ 2024ರ ಮೇನಲ್ಲಿ ಪಕ್ಷಗಳಿಗೆ ಸೂಚಿಸಿತು. ಒಬ್ಬೊಬ್ಬರ ಜೊತೆ ಬೇರೆ ಬೇರೆ ವ್ಯವಹಾರ ಕುದುರಿದಂತೆ ಕಾಣುತ್ತದೆ ಎಂಬುದೇ ಕಾರಣ.

ಬಯಲುಸೀಮೆ: ಸರಿ, ಸಾಕ್ಷ್ಯ ಹಿಡಿಯುವುದು ಹೇಗೆ?

ಹೇಮಾವತಿ: ನೀತಿಸಂಹಿತೆ ಜಾರಿಯಲ್ಲಿದ್ದರೆ ದೂರು ಕೊಡಲು ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್. ಫೋಟೊ ಅಥವಾ ಎರಡು ನಿಮಿಷದ ವಿಡಿಯೊವನ್ನು ಆ್ಯಪ್‌ನೊಳಗಿಂದಲೇ ತೆಗೆಯಬೇಕು, ಗ್ಯಾಲರಿಯದ್ದು ಹೋಗುವುದಿಲ್ಲ. ಲೊಕೇಶನ್ ಆನ್ ಇರಲಿ. 100 ನಿಮಿಷದೊಳಗೆ ಕ್ರಮವಾಗಬೇಕು. ಹೆಸರು ಮುಚ್ಚಿಟ್ಟು ಕಳಿಸಬಹುದು, ಆದರೆ ಆಗ ದೂರು ಏನಾಯಿತೆಂಬ ಮಾಹಿತಿ ಬರುವುದಿಲ್ಲ.

ಅರಳಿಕಟ್ಟೆ: ಗೆಲುವು ರದ್ದಾಗಬೇಕಾದರೆ ಅದೊಂದೇ ಸಾಲದು. ಫಲಿತಾಂಶದ 45 ದಿನದೊಳಗೆ ಹೈಕೋರ್ಟ್‌ನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬೇಕು, ಜೊತೆಗೆ ನಮೂನೆ 25ರ ಪ್ರಮಾಣಪತ್ರ (ಅಫಿಡವಿಟ್). ಯಾರು, ಯಾವ ದಿನ, ಎಲ್ಲಿ, ಯಾರಿಗೆ ಕೊಟ್ಟರು ಎಂದು ಬಿಡಿಬಿಡಿಯಾಗಿ ಬರೆಯಬೇಕು. ಕೊಟ್ಟದ್ದು ಬೆಂಬಲಿಗರಾದರೆ ಅಭ್ಯರ್ಥಿಯ ಅಥವಾ ಅವರ ಚುನಾವಣಾ ಏಜೆಂಟರ ಒಪ್ಪಿಗೆ ಇತ್ತೆಂದು ತೋರಿಸಬೇಕು. ಹೆಚ್ಚಿನ ಅರ್ಜಿಗಳು ಮುಗ್ಗರಿಸುವುದು ಇಲ್ಲೇ. ತುಮಕೂರು ಗ್ರಾಮಾಂತರದಲ್ಲಿ ನಕಲಿ ವಿಮಾ ಬಾಂಡ್ ಹಂಚಿದ ಪ್ರಕರಣದಲ್ಲಿ ಇದೆಲ್ಲ ನಿಂತು 2018ರ ಆಯ್ಕೆ ರದ್ದಾಯಿತು. ಆದರೆ ಹೈಕೋರ್ಟ್ ಆದೇಶ ಬಂದದ್ದು 2023ರ ಮಾರ್ಚ್‌ನಲ್ಲಿ, ಅವಧಿ ಮುಗಿಯುತ್ತಾ ಬಂದಾಗ. ಅದು ನನಗೆ ಈಗಲೂ ನೋವಿನ ವಿಷಯ.

ತುಂಗಾತೀರ: ತಗೊಂಡವರೂ ಅಪರಾಧಿಯಾದರೆ ಸಾಕ್ಷಿ ಹೇಳಲು ಯಾರು ಬರುತ್ತಾರೆ?

ಅರಳಿಕಟ್ಟೆ: ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 95 ನೋಡಿ. ತಕರಾರು ಅರ್ಜಿಯ ವಿಚಾರಣೆಯಲ್ಲಿ ಕೇಳಿದ್ದಕ್ಕೆಲ್ಲ ನಿಜ ಹೇಳಿದ ಸಾಕ್ಷಿಗೆ ಹೈಕೋರ್ಟಿನಿಂದ ರಕ್ಷಣಾ ಪ್ರಮಾಣಪತ್ರ ಸಿಗುತ್ತದೆ. ಆ ವಿಷಯಕ್ಕೆ ಸಂಬಂಧಿಸಿ ಚುನಾವಣಾ ಲಂಚದ ಆರೋಪ ಹೊರಿಸಿದರೆ ಅದನ್ನು ತೋರಿಸಬಹುದು. ಸಾಕ್ಷಿ ಪಟ್ಟಿ ಮಾಡುವಾಗಲೇ ಮತದಾರರಿಗೆ ಇದನ್ನು ತಿಳಿಸಿ.