ಸಹಾಯ ಬೇಕು: ಹಳೆ ಹಾರರ್ ಮ್ಯಾಗಜೀನ್‌ಗಳಿಗೆ ಪಿನ್, ಕವರ್

ಚಿಕ್ಕಮಗಳೂರು, ಹಾಸನದ ಕಡೆ ಹಳೆ ಪುಸ್ತಕ ರಿಪೇರಿ ಮಾಡುವ ಬೈಂಡರ್ ಯಾರಾದರೂ ಇದ್ದಾರಾ?

ಅಮೆರಿಕದ ವಾರೆನ್ ಪಬ್ಲಿಷಿಂಗ್ 1964ರಲ್ಲಿ ಶುರು ಮಾಡಿದ ಹಾರರ್ ಕಾಮಿಕ್ಸ್ ಮ್ಯಾಗಜೀನ್ 'ಕ್ರೀಪಿ'ಯ ಕೆಲವು ಸಂಚಿಕೆಗಳಿವೆ. ಒಳಪುಟವೆಲ್ಲ ನ್ಯೂಸ್‌ಪ್ರಿಂಟ್. ಮಳೆಗಾಲದ ತೇವಕ್ಕೆ ಸ್ಟೇಪ್ಲರ್ ಪಿನ್ ತುಕ್ಕು ಹಿಡಿದು, ನಡುಪುಟದ ಮಡಿಕೆಯುದ್ದಕ್ಕೂ ಕಂದು ಕಲೆ ಹರಡುತ್ತಿದೆ. ಪಿನ್ ಎಳೆದು ತೆಗೆದರೆ ಕಾಗದ ಹರಿಯುತ್ತದೆ. ಒಳಗಡೆಯಿಂದ ಅದರ ಎರಡೂ ಕಾಲನ್ನು ತೆಳು ಚಾಕುವಿನಿಂದ ನಿಧಾನವಾಗಿ ಎತ್ತಿ ನೆಟ್ಟಗೆ ಮಾಡಿ, ಹೊರಗಿನಿಂದ ಬಿಡಿಸಿ, ಅದೇ ತೂತಿಗೆ ಸ್ಟೇನ್‌ಲೆಸ್ ಸ್ಟೀಲ್ ಪಿನ್ ಹಾಕಬೇಕು. ಇಷ್ಟು ತಾಳ್ಮೆಯಿಂದ ಮಾಡುವವರೇ ಬೇಕು. ಅಂಚು ಕತ್ತರಿಸುವುದು, ಲ್ಯಾಮಿನೇಷನ್, ಸೆಲ್ಲೋಟೇಪ್ ದಯವಿಟ್ಟು ಬೇಡ.

ಜೊತೆಗೆ, ಮ್ಯಾಗಜೀನ್ ಅಳತೆಯ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಕವರ್, ಆಮ್ಲರಹಿತ ರಟ್ಟು ಎಲ್ಲಿ ಸಿಗುತ್ತದೆ? ಕಾಮಿಕ್ಸ್ ಕವರ್ ಅಗಲ ಸಾಲದು. ಪಿವಿಸಿಯಾದರೆ ಮುಖಪುಟದ ಶಾಯಿಗೆ ಅಂಟಿಕೊಳ್ಳುತ್ತದೆ. ಜೂನ್ ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಯಬೇಕು, ಗೊತ್ತಿದ್ದವರು ತಿಳಿಸಿ.