ಬ್ರೆಡ್‌ಬೋರ್ಡಿಗೆ ಕನ್ನಡದ ಮಾತು ಬೇಕು, ಗುರುವಾರದೊಳಗೆ

ಬಳಗದವರಿಗೆ ನಮಸ್ಕಾರ.

ದೃಷ್ಟಿದೋಷವುಳ್ಳ ಎಂಟು ಮಂದಿ ಹವ್ಯಾಸಿಗಳಿಗಾಗಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಕುರಿತ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗುರುವಾರ ಅದು ಬ್ರೈಲ್ ಮುದ್ರಣಕ್ಕೆ ಹೋಗಬೇಕು. ಅದೇ ಪಠ್ಯವನ್ನು ಇ-ಸ್ಪೀಕ್ ಎಂಬ ತಂತ್ರಾಂಶದ ಧ್ವನಿಯೂ ಓದಬೇಕು. ನಾವು ಹಿಡಿದಿರುವುದು ನಾಲ್ಕನೆಯ ಪೈ, ಏಕೆಂದರೆ ಐದನೆಯದರಲ್ಲಿ ಇಯರ್‌ಫೋನಿನ 3.5 ಮಿ.ಮೀ. ಕಿಂಡಿಯನ್ನೇ ತೆಗೆದುಬಿಟ್ಟಿದ್ದಾರೆ. ತಂತಿ, ಬೆಸುಗೆ, ಗುಂಡಿ ಈ ಪದಗಳೆಲ್ಲ ತಾವಾಗಿ ಒದಗಿದವು. ಬ್ರೆಡ್‌ಬೋರ್ಡಿನ ಹತ್ತಿರ ಬಂದು ನಿಂತಿದ್ದೇನೆ.

ಆ ವಸ್ತುವಿನ ಪರಿಚಯವಿಲ್ಲದವರಿಗೆ ಹೇಳುವುದಾದರೆ, ಅದು ಅಂಗೈಯಲ್ಲಿ ಹಿಡಿಯುವಷ್ಟು ಪ್ಲಾಸ್ಟಿಕ್ ಹಲಗೆ, ಮೈತುಂಬ 400 ತೂತು. ನಡುವೆ ಬೆರಳಿಗೆ ಸಿಗುವ ಒಂದು ಕಾಲುವೆ, ಅದರ ಎರಡೂ ಬದಿಗೆ ಐದೈದು ತೂತುಗಳ ಮೂವತ್ತು ಮೂವತ್ತು ಸಾಲು, ಅಂಚುಗಳಲ್ಲಿ ವಿದ್ಯುತ್ತಿಗೆಂದು ಉದ್ದದ ಸಾಲುಗಳು. ಐದು ತೂತುಗಳ ಅಡಿಯಲ್ಲಿ ಒಂದೇ ಲೋಹದ ಪಟ್ಟಿ ಇರುವುದರಿಂದ, ಒಂದಕ್ಕೆ ತಂತಿಯನ್ನೂ ಪಕ್ಕದ್ದಕ್ಕೆ ಸದ್ದು ಮಾಡುವ ಬಜರಿನ ಕಾಲನ್ನೂ ಚುಚ್ಚಿದರೆ ಬೆಸುಗೆಯಿಲ್ಲದೆ ಎರಡೂ ಕೂಡುತ್ತವೆ. ಇಂಗ್ಲಿಷ್ ಮಾತನ್ನೇ ಉಳಿಸಿಕೊಂಡರೆ ಬ್ರೈಲಿನಲ್ಲಿ ಅದು ಪ್ರತಿ ಸಲವೂ ಹನ್ನೆರಡು ಕೋಶ (ಆರು ಚುಕ್ಕೆಗಳ ಮನೆ) ತಿನ್ನುತ್ತದೆ. ಸದ್ಯಕ್ಕೆ ‘ರಂಧ್ರಹಲಗೆ’ ಎಂದು ಹಾಕಿದ್ದೇನೆ, ಸಮಾಧಾನವಿಲ್ಲ.

ಎರಡನೆಯದು ಪೈ ಮೇಲಿನ 40 ಪಿನ್ನುಗಳಿಗೂ ಅವುಗಳ ಸಾಲುಗಳಿಗೂ ಹೆಸರಿಡುವ ವಿಚಾರ. ಮೊದಲ ದಿನ ವಿದ್ಯುತ್ ಕೊಡದೆ ಬೋರ್ಡನ್ನು ಕೈಗಿತ್ತಾಗ, ಹುಡುಗನೊಬ್ಬ ಎರಡು ಸಾಲು ಪಿನ್ನುಗಳ ಮೇಲೆ ತೋರುಬೆರಳನ್ನು ಮೆಲ್ಲಗೆ ಎಳೆದು, “ಇದು ಬ್ರೈಲೇ ಅಕ್ಕಾ, ಆದ್ರೆ ಎಲ್ಲಾ ಚುಕ್ಕೆನೂ ಎಬ್ಬಿಸಿಬಿಟ್ಟಿದ್ದಾರೆ” ಎಂದ. ಅವನು ಹೇಳಿದ್ದು ಸರಿಯೇ: ಪಿನ್ನಿನಿಂದ ಪಿನ್ನಿಗೆ 2.54 ಮಿ.ಮೀ., ಬ್ರೈಲ್ ಕೋಶದೊಳಗೆ ಚುಕ್ಕೆಯಿಂದ ಚುಕ್ಕೆಗೂ ಹೆಚ್ಚುಕಡಿಮೆ ಅಷ್ಟೇ. ಒಂದು ಸಾಲಿನಲ್ಲಿ 1, 3, 5 ಎಂದು ಬೆಸಸಂಖ್ಯೆಗಳು, ಇನ್ನೊಂದರಲ್ಲಿ 2, 4, 6. ಧ್ವನಿಯು ‘ಬೆಸ ಸಾಲು’ ಎಂದು ಓದಿದಾಗ ಇಬ್ಬರು ಅದನ್ನು ಬೆಸುಗೆ ಹಾಕಿದ ಸಾಲೆಂದು ತಿಳಿದರು. ಒಂದನೆಯ ಪಿನ್ನಿನಲ್ಲಿ 3.3 ವೋಲ್ಟ್, ಎರಡನೆಯದರಲ್ಲಿ 5 ವೋಲ್ಟ್. ಸಂಕೇತದ ಪಿನ್ನುಗಳು ತಾಳುವುದು 3.3 ಮಾತ್ರ. ಪದ ತಪ್ಪಿದರೆ ಬೋರ್ಡು ಸುಟ್ಟೀತು.

ಮರುಪತ್ರ, ಮೈಸೂರು

‘ರಂಧ್ರಹಲಗೆ’ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡವನ್ನು ಕೂಡಿಸಿದ್ದು. ಹಲಗೆಯು ಫಲಕದ ತದ್ಭವವೆಂದು ವಾದಿಸಿ ಪಾರಾಗಲು ನೋಡುವವರು ನೋಡಲಿ, ಕಿವಿಗೆ ಅದು ಅರಿಸಮಾಸವೇ. ‘ರಂಧ್ರಫಲಕ’ ಎಂದರೆ ಮುಗಿಯಿತು. ಪಿನ್ನಿಗೆ ‘ಸೂಚಿ’.

ಮರುಪತ್ರ, ಶಿರಸಿ

ಫಲಕವನ್ನು ಅಂಗಡಿಯ ಮುಂದೆ ತೂಗುಹಾಕುತ್ತಾರೆ. ‘ಸೂಚಿ’ ಎಂದರೆ ಓದುಗರು ಪುಸ್ತಕದ ಕೊನೆಯ ಪುಟ ಹುಡುಕುತ್ತಾರೆ. ಇಂಗ್ಲಿಷಿನವರ ಪದವಾದರೂ ಎಲ್ಲಿಂದ ಬಂತು? ಹಿಂದಿನ ರೇಡಿಯೊ ಹವ್ಯಾಸಿಗಳು ಬ್ರೆಡ್ ಕೊಯ್ಯುವ ಮರದ ಹಲಗೆಗೆ ಮೊಳೆ ಹೊಡೆದು, ಅದರ ಮೇಲೆ ತಂತಿ ಸುತ್ತಿ ಸರ್ಕ್ಯೂಟು ಕಟ್ಟುತ್ತಿದ್ದರು. ಅಡುಗೆಮನೆಯ ಹಲಗೆಗೆ ನಮ್ಮಲ್ಲಿ ‘ಮಣೆ’ ಎಂಬ ಮಾತಿರುವಾಗ ಬೇರೆ ಕಡೆ ಕೈಚಾಚುವುದೇಕೆ? ಅದಕ್ಕಿಂತ ಹತ್ತಿರದ್ದು ಅಳಗುಳಿಮಣೆ: ಏಳೇಳು ಗುಳಿಗಳ ಎರಡು ಸಾಲು, ಗುಳಿ ಎಣಿಸುತ್ತಲೇ ಕಾಯಿ ಹಾಕುವ ಆಟ. ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೇ ಗುಳಿ ಎಣಿಸಿ ಆಡುತ್ತಿದ್ದ ಅಜ್ಜಿಯನ್ನು ನಾನು ಕಂಡಿದ್ದೇನೆ. ಆದ್ದರಿಂದ ‘ಗುಳಿಮಣೆ’.

ಮರುಪತ್ರ, ಮೈಸೂರು

ಗಕಾರ ಬರುವುದು ಉತ್ತರಪದದ ಮೊದಲಲ್ಲಿ, ಆದೇಶಸಂಧಿಯಿಂದ. ಪೂರ್ವಪದವಾಗಿ ನಿಂತಾಗ ‘ಕುಳಿಮಣೆ’ ಎಂದೇ ಆಗಬೇಕು.

ಮರುಪತ್ರ, ಶಿರಸಿ

ನಕ್ಕಾಗ ಕೆನ್ನೆಯಲ್ಲಿ ಬೀಳುವುದು ಗುಳಿಯೇ. ಅಲ್ಲಿ ಯಾವ ಸಂಧಿಯಾಗಿದೆ, ಹೇಳೋಣವಾಗಲಿ.

ಮರುಪತ್ರ, ಬೆಂಗಳೂರು

ಗುಳಿಮಣೆಯನ್ನೋ ಕುಳಿಮಣೆಯನ್ನೋ ಹಿಡಿದುಕೊಂಡು ಆ ಹುಡುಗ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋದರೆ ಅಂಗಡಿಯವನು ಪೂಜಾ ಸಾಮಾನಿನ ಅಂಗಡಿಯ ದಾರಿ ತೋರಿಸುತ್ತಾನೆ. ಕಣ್ಣಿದ್ದವರಾದರೆ ಗಾಜಿನ ಪೆಟ್ಟಿಗೆಯೊಳಗಿನ ವಸ್ತುವಿಗೆ ಬೆರಳು ಮಾಡಿ ತೋರಿಸಿಯಾದರೂ ಕೊಂಡಾರು. ಇವರಿಗೆ ಹೆಸರೊಂದೇ ಆಧಾರ. ಅದನ್ನೂ ಶುದ್ಧಿಯ ಹೆಸರಿನಲ್ಲಿ ಕಿತ್ತುಕೊಳ್ಳಬೇಡಿ. ಅಂದಹಾಗೆ, ಕಣ್ಣು ಕಾಣದವರ ಕೈಗೆ ಬೆಸುಗೆ ಹಾಕುವ ಕಾದ ಸಲಾಕೆ ಕೊಡುವುದು ಎಷ್ಟು ಸರಿ ಎಂಬುದನ್ನೂ ಯಾರಾದರೂ ಯೋಚಿಸಬೇಕು.

ಮರುಪತ್ರ, ಧಾರವಾಡ

ಬೆಂಗಳೂರಿನವರು ಅಂಗಡಿಯ ಮಾತೇ ಮಾತೆನ್ನುತ್ತಾರೆ, ಮೈಸೂರಿನವರು ವ್ಯಾಕರಣವೇ ಮಾತೆನ್ನುತ್ತಾರೆ. ನಮ್ಮ ಕಡೆ ತಿಂಗಳ ಪಗಾರ ಎಣಿಸಿ, ಬಟಾಟೆ ಕೊಂಡು, ಚಾವಿ ತಿರುವಿ ಮನೆಯೊಳಗೆ ಹೋಗುತ್ತೇವೆ. ಆ ಮೂರೂ ಪೋರ್ಚುಗೀಸರು ಬಿಟ್ಟುಹೋದ ಮಾತುಗಳು, ಅವುಗಳಿಂದ ಯಾರ ಕನ್ನಡವೂ ಕೆಟ್ಟಿಲ್ಲ. ಪಿನ್ನು ಉಕಾರ ಹಚ್ಚಿಕೊಂಡು ಎಂದೋ ನಮ್ಮದಾಗಿದೆ; ಸೀರೆಗೆ ಹಾಕುವಾಗ ಅದನ್ನು ಸೂಚಿ ಎಂದವರಿಲ್ಲ. ಬ್ರೆಡ್‌ಬೋರ್ಡು ಇನ್ನೂ ನಮ್ಮದಾಗಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ತಪ್ಪು.

ಪ್ರಶ್ನೆ ಕೇಳಿದವಳಿಂದ

ಎಲ್ಲರಿಗೂ ವಂದನೆಗಳು. ಪಿನ್ನನ್ನು ಪಿನ್ನಾಗಿಯೇ ಬಿಟ್ಟಿದ್ದೇನೆ. ಮೊದಲ ಪುಟದಲ್ಲಿ ‘ಬ್ರೆಡ್‌ಬೋರ್ಡು, ಇನ್ನು ಮುಂದೆ ಮಣೆ’ ಎಂದು ಒಮ್ಮೆ ಹೇಳಿ, ಅಲ್ಲಿಂದಾಚೆಗೆ ಮಣೆ ಎಂದೇ ಬರೆದಿದ್ದೇನೆ. ಬ್ರೈಲಿನಲ್ಲಿ ಮೂರೇ ಕೋಶ, ಅಂಗಡಿಯಲ್ಲಿ ಕೇಳಲು ಬೇಕಾದ ಹೆಸರೂ ಓದುಗರ ಕೈಯಲ್ಲಿರುತ್ತದೆ. ಗುಳಿಯೋ ಕುಳಿಯೋ ಎಂಬುದನ್ನು ತಾವು ತಾವೇ ಬಗೆಹರಿಸಿಕೊಳ್ಳಬಹುದು, ನನಗೆ ಮಣೆ ಸಾಕು.

ಬೆಸ, ಸಮ ಎರಡನ್ನೂ ತೆಗೆದು ‘ಒಳಸಾಲು’, ‘ಅಂಚುಸಾಲು’ ಎಂದು ಮಾಡಿದೆ. ಬೋರ್ಡಿನ ಅಂಚು ಯಾವುದೆಂದು ಬೆರಳಿಗೆ ಯಾರೂ ಕಲಿಸಬೇಕಿಲ್ಲ. ಇದನ್ನು ಇಲ್ಲಿ ಯಾರೂ ಸೂಚಿಸಲಿಲ್ಲ, ಆ ಹುಡುಗನೇ ಹೇಳಿದ್ದು.

ಬೆಂಗಳೂರಿನವರ ಕೊನೆಯ ಮಾತಿಗೆ: ಸ್ಯಾನ್ ಫ್ರಾನ್ಸಿಸ್ಕೊದ ಸ್ಮಿತ್-ಕೆಟಲ್‌ವೆಲ್ ಸಂಸ್ಥೆಯು ಕಣ್ಣು ಕಾಣದ ಎಲೆಕ್ಟ್ರಾನಿಕ್ಸ್ ಕೆಲಸಗಾರರಿಗಾಗಿಯೇ 1980ರಲ್ಲಿ ತಾಂತ್ರಿಕ ಪತ್ರಿಕೆಯೊಂದನ್ನು ಆರಂಭಿಸಿತ್ತು, ಅದರಲ್ಲಿ ಬೆಸುಗೆಯ ಪಾಠವೂ ಇತ್ತು. ಆ ಯೋಚನೆ ನಮಗೆ ಬಿಡಿ.

ಬೆಸುಗೆಯ ಅಧ್ಯಾಯ ಮುಂದಿನ ವಾರ ಮುದ್ರಣಕ್ಕೆ ಹೋಗುತ್ತದೆ. ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ಫ್ಲಕ್ಸಿಗೆ ಒಂದು ಪದ ಬೇಕು. ಅಕ್ಕಸಾಲಿಗರ ‘ಬಿಳಿಗಾರ’ವನ್ನು (ಬೋರಾಕ್ಸ್) ಸೂಚಿಸಲು ಹೊರಟವರು, ಇಲ್ಲಿ ಬಳಸುವುದು ರಾಳದ್ದು ಎಂಬುದನ್ನು ದಯವಿಟ್ಟು ಮೊದಲೇ ಗಮನಿಸಬೇಕು.