ಪ್ರಶ್ನೋತ್ತರ: ಮಕ್ಕಳ ಬೆಳವಣಿಗೆಯಲ್ಲಿ ಸಹಜ ಯಾವುದು, ಕಾಯಿಲೆ ಯಾವುದು?

ನಿರ್ವಾಹಕರು: ಮಕ್ಕಳ ಹಾರ್ಮೋನ್ ತಜ್ಞೆಯೊಬ್ಬರು ಇಂದು ಸಂಜೆ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಮಗುವಿನ ವಯಸ್ಸು, ತೂಕ, ಎತ್ತರಗಳನ್ನು ತಪ್ಪದೆ ಬರೆಯಿರಿ.

ದಾವಣಗೆರೆಯ ತಂದೆ: ನನ್ನ 9 ವರ್ಷದ ಮಗನ ಎತ್ತರ 3ನೇ ಪರ್ಸೆಂಟೈಲ್ ಗೆರೆಗಿಂತ ಕೊಂಚ ಕೆಳಗಿದೆ ಎಂದು ಶಾಲೆಯ ತಪಾಸಣೆಯಲ್ಲಿ ಬರೆದುಕೊಟ್ಟಿದ್ದಾರೆ. ಕಳೆದ ವರ್ಷ ಐದೂವರೆ ಸೆಂಟಿಮೀಟರ್ ಬೆಳೆದಿದ್ದಾನೆ. ನನ್ನ ಎತ್ತರ 162 ಸೆಂ.ಮೀ., ಹೆಂಡತಿಯದು 150. ಇದು ಕಾಯಿಲೆಯೇ?

ವೈದ್ಯೆ: ನೀವು ಕೊಟ್ಟ ವಿವರಗಳಲ್ಲಿ ಕಾಯಿಲೆಯ ಸುಳಿವಿಲ್ಲ. ನೂರು ಆರೋಗ್ಯವಂತ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಮೂವರು ಆ ಗೆರೆಯ ಕೆಳಗೆ ಇದ್ದೇ ಇರುತ್ತಾರೆ, ಏಕೆಂದರೆ ಗೆರೆಯನ್ನು ಎಳೆದಿರುವುದೇ ಹಾಗೆ. ತಂದೆತಾಯಿಯ ಎತ್ತರವನ್ನು ಕೂಡಿಸಿ, ಗಂಡುಮಗುವಾದ್ದರಿಂದ 13 ಸೇರಿಸಿ, ಎರಡರಿಂದ ಭಾಗಿಸಿದರೆ 162.5 ಸೆಂ.ಮೀ. ಬರುತ್ತದೆ, ನಿಮ್ಮ ಮಗ ಅದರ ಆಸುಪಾಸಿಗೆ ಬೆಳೆಯುತ್ತಾನೆಂದು ನಿರೀಕ್ಷಿಸಬಹುದು. ನಾವು ಮುಖ್ಯವಾಗಿ ನೋಡುವುದು ಬೆಳೆಯುವ ವೇಗವನ್ನು. ಈ ವಯಸ್ಸಿನಲ್ಲಿ ಅದು ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆಯಾದರೆ, ಗೆರೆಯ ಮೇಲಿರುವ ಮಗುವನ್ನೂ ಪರೀಕ್ಷಿಸಬೇಕಾಗುತ್ತದೆ.

ಶಿವಮೊಗ್ಗದ ತಾಯಿ: ನನ್ನ ಮಗನೂ 3ನೇ ಪರ್ಸೆಂಟೈಲ್‌ಗಿಂತ ಕೆಳಗಿದ್ದಾನೆ. ಕಾಯಿಲೆಯೇ?

ವೈದ್ಯೆ: ಮೇಲಿನ ಉತ್ತರವನ್ನು ಓದಿ, ಒಂದು ವರ್ಷದ ಅಳತೆ ಬರೆಯಿರಿ.

ಬೆಂಗಳೂರಿನ ಸದಸ್ಯ: ಕ್ಷಮಿಸಿ, ಅಮೆರಿಕದಲ್ಲಿ 2003ರಿಂದಲೇ, ಯಾವ ಕಾಯಿಲೆಯೂ ಪತ್ತೆಯಾಗದ ಕುಳ್ಳ ಮಕ್ಕಳಿಗೂ ಬೆಳವಣಿಗೆಯ ಹಾರ್ಮೋನ್ ಕೊಡಲು ಅನುಮತಿ ಇದೆ. ನಮ್ಮ ಮಕ್ಕಳಿಗೆ ಮಾತ್ರ ಏಕೆ ಬೇಡ?

ಧಾರವಾಡದ ಶಿಕ್ಷಕಿ: ಆ ಅನುಮತಿ ತೀರ ಕುಳ್ಳಗಿರುವ, ನೂರಕ್ಕೆ ಸುಮಾರು ಒಂದರಷ್ಟು ಮಕ್ಕಳಿಗಾಗಿ ಕೊಟ್ಟದ್ದು. ಔಷಧ ಸಿಗುತ್ತದೆ ಎಂದಮಾತ್ರಕ್ಕೆ ಆರೋಗ್ಯವಂತ ಮಗು ರೋಗಿಯಾಗುವುದಿಲ್ಲ.

ಬೆಂಗಳೂರಿನ ಸದಸ್ಯ: ಪೊಲೀಸ್ ನೇಮಕಾತಿಯಲ್ಲಿ ಅಳತೆಪಟ್ಟಿ ಹಿಡಿದು ನಿಂತವರಿಗೆ, ಹೆಣ್ಣು ಕೊಡಲು ಬಂದವರಿಗೆ ಈ ಮಾತು ಹೇಳಿ ನೋಡಿ.

ವೈದ್ಯೆ: ಅವರ ಅಳತೆಪಟ್ಟಿಗಾಗಿ ನಾನು ಮಗುವಿಗೆ ವರ್ಷಗಟ್ಟಲೆ ದಿನಾ ಸೂಜಿ ಚುಚ್ಚುವುದಿಲ್ಲ. ಹಾರ್ಮೋನ್ ಕೊರತೆ, ಟರ್ನರ್ ಸಿಂಡ್ರೋಮ್‌ನಂಥ (ಹೆಣ್ಣುಮಕ್ಕಳಲ್ಲಿ ಒಂದು X ಕ್ರೋಮೊಸೋಮ್ ಪೂರ್ತಿ ಅಥವಾ ಭಾಗಶಃ ಇಲ್ಲದ ಸ್ಥಿತಿ) ಕಾರಣಗಳಿದ್ದರೆ ಕೊಡುತ್ತೇನೆ.

ತುಮಕೂರಿನ ಸದಸ್ಯ: ಫಾರ್ವರ್ಡ್ ಆಗಿ ಬಂದದ್ದು: ಅಶ್ವಗಂಧ ಬೆರೆಸಿದ ಪುಡಿಯನ್ನು ಹಾಲಿನಲ್ಲಿ ಕುಡಿಸಿದರೆ ಮೂರು ತಿಂಗಳಲ್ಲಿ ನಾಲ್ಕು ಇಂಚು ಎತ್ತರ ಖಚಿತ.

ವೈದ್ಯೆ: ಯಾವ ಪುಡಿಯಿಂದಲೂ ಇದು ಸಾಧ್ಯವಿಲ್ಲ. ಏನು ಬೆರೆಸಿದೆ ಎಂದು ನಮೂದಿಸದ ಪುಡಿಗಳಲ್ಲಿ ಸ್ಟೀರಾಯ್ಡ್ ಇರುವುದುಂಟು, ಅದು ಬೆಳವಣಿಗೆಯನ್ನೇ ಕುಂಠಿಸುತ್ತದೆ.

ಮೈಸೂರಿನ ಅಜ್ಜಿ: ಮೊಮ್ಮಗಳು ಎಡಗೈಯಲ್ಲಿ ಬರೆಯುತ್ತಾಳೆ. ಶಾಲೆಯಲ್ಲಿ ಬಲಗೈ ರೂಢಿಸಿ ಎನ್ನುತ್ತಾರೆ. ಏನು ಮಾಡಲಿ?

ಹಾವೇರಿಯಿಂದ, ಚಿಕ್ಕಮ್ಮ: ಅಕ್ಕನ ಕೂಸಿಗೆ ಇಂದು 11 ದಿನ. ಹುಟ್ಟಿದಾಗ 2.9 ಕೆ.ಜಿ. ಇತ್ತು, ಈಗ 2.5. ಹಾಲು ಎಳೆಯುತ್ತಿಲ್ಲ, ನಿನ್ನೆಯಿಂದ ವಾಂತಿ. ಜನನಾಂಗ ನೋಡಿದರೆ ಗಂಡೋ ಹೆಣ್ಣೋ ಹೇಳಲಾಗುವುದಿಲ್ಲ; ಬೀಜಗಳು ಕೈಗೆ ತಾಗುತ್ತಿಲ್ಲ ಎಂದು ನರ್ಸ್ ಹೇಳಿದ್ದರು. ಊರಲ್ಲಿ ಸುದ್ದಿಯಾಗುತ್ತದೆಂದು ಕೂಸನ್ನು ಯಾರಿಗೂ ತೋರಿಸಿಲ್ಲ. ಒಂದು ತಿಂಗಳೊಳಗೆ ಆಪರೇಷನ್ ಮಾಡಿಸಿ ಸರಿಮಾಡಿಸಬಹುದೇ? ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದೆ. ಮೊದಲ ಗಂಡುಕೂಸು ನೋಡಲು ಚೆನ್ನಾಗಿಯೇ ಇತ್ತು, ಇಪ್ಪತ್ತು ದಿನಕ್ಕೆ ವಾಂತಿಯಾಗಿ ತೀರಿಕೊಂಡಿತು.

ವೈದ್ಯೆ: ಉಳಿದವರು ದಯವಿಟ್ಟು ಕಾಯಿರಿ. ಹಾವೇರಿಯ ತಂಗಿ, ಆಪರೇಷನ್ ಮಾತು ಬಿಟ್ಟು ಈ ಕ್ಷಣವೇ ಕೂಸನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಕರೆದುಕೊಂಡು ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಅಲ್ಲಿಯ ವೈದ್ಯರಿಗೆ ಮೂರು ಸಂಗತಿ ಹೇಳಿ: ಜನನಾಂಗ ಸ್ಪಷ್ಟವಾಗಿಲ್ಲ, ತೂಕ ಇಳಿದು ವಾಂತಿಯಾಗುತ್ತಿದೆ, ಅಣ್ಣ ಇದೇ ರೀತಿ ತೀರಿಕೊಂಡಿದ್ದಾನೆ. ರಕ್ತದ ಸೋಡಿಯಂ, ಪೊಟ್ಯಾಶಿಯಂ, ಸಕ್ಕರೆ ಕೂಡಲೇ ನೋಡಬೇಕು. 17-ಹೈಡ್ರಾಕ್ಸಿಪ್ರೊಜೆಸ್ಟರೋನ್ ಎಂಬ ಹಾರ್ಮೋನಿನ ಪರೀಕ್ಷೆಗೆ ರಕ್ತ ತೆಗೆದಿಟ್ಟು, ವರದಿಗೆ ಕಾಯದೆ ಚಿಕಿತ್ಸೆ ಆರಂಭಿಸಬೇಕು.

ನನಗಿರುವ ಅನುಮಾನ ಜನ್ಮಜಾತ ಅಡ್ರಿನಲ್ ಗ್ರಂಥಿಯ ದೋಷದ ಮೇಲೆ. ಮೂತ್ರಪಿಂಡದ ನೆತ್ತಿಯ ಮೇಲಿರುವ ಈ ಗ್ರಂಥಿಯಲ್ಲಿ ಒಂದು ಕಿಣ್ವ ಕೆಲಸ ಮಾಡದಿದ್ದರೆ ದೇಹ ಒತ್ತಡ ತಾಳಲು ಬೇಕಾದ ಕಾರ್ಟಿಸಾಲ್ ಆಗಲಿ, ಉಪ್ಪನ್ನು ಹಿಡಿದಿಡುವ ಹಾರ್ಮೋನ್ ಆಗಲಿ ತಯಾರಾಗುವುದಿಲ್ಲ. ಬದಲಿಗೆ ಪುರುಷ ಹಾರ್ಮೋನ್ ಹೆಚ್ಚುತ್ತದೆ. ಗರ್ಭಕೋಶ, ಅಂಡಾಶಯಗಳಿರುವ ಹೆಣ್ಣುಶಿಶುವಿನ ಹೊರಗಿನ ಅಂಗ ಬೇರೆ ರೂಪ ತಾಳುವುದು ಇದರಿಂದ. ಗಂಡುಶಿಶುವಿನಲ್ಲಿ ಹೊರಗೆ ಏನೂ ಕಾಣುವುದಿಲ್ಲ, ಹಾಗಾಗಿ ಎಲ್ಲರೂ ಅದನ್ನು ಸಹಜವೆಂದು ಮನೆಗೆ ಕಳಿಸುತ್ತಾರೆ; ಎರಡು ಮೂರನೇ ವಾರದಲ್ಲಿ ಉಪ್ಪು ಸೋರಿಹೋಗಿ ಅದು ಸಾಯಬಹುದು. ಆ ಮೊದಲ ಕೂಸಿಗೂ ಇದೇ ಆಗಿತ್ತೇನೋ ಎಂಬ ಸಂಶಯ ನನ್ನದು. ಹಲವು ದೇಶಗಳಲ್ಲಿ ಪ್ರತಿ ಶಿಶುವಿನ ಹಿಮ್ಮಡಿಯ ರಕ್ತ ತೆಗೆದು ಇದನ್ನು ಪರೀಕ್ಷಿಸುತ್ತಾರೆ; ನಮ್ಮಲ್ಲಿ ಎಲ್ಲ ಶಿಶುಗಳಿಗೂ ಅದು ನಡೆಯುತ್ತಿಲ್ಲ.

ನೀವು ಬಚ್ಚಿಡುತ್ತಿರುವ ಅಂಗದ ರೂಪದಿಂದ ಕೂಸಿಗೆ ಇಂದು ಯಾವ ನೋವೂ ಇಲ್ಲ, ಪ್ರಾಣ ತೆಗೆಯುವುದು ಕಣ್ಣಿಗೆ ಕಾಣದ ಉಪ್ಪಿನ ಕೊರತೆ. ಇಂಥ ಶಸ್ತ್ರಚಿಕಿತ್ಸೆಗೆ ಆತುರವೇ ಬೇಕಿಲ್ಲ. 2019ರಲ್ಲಿ ಮದ್ರಾಸ್ ಹೈಕೋರ್ಟ್ ತೀರ್ಪಿನ ಬಳಿಕ ತಮಿಳುನಾಡು ಸರ್ಕಾರ, ಪ್ರಾಣಾಪಾಯವಿದ್ದಾಗ ಹೊರತು ಶಿಶುಗಳಿಗೆ ಇದನ್ನು ಮಾಡಕೂಡದೆಂದು ಆದೇಶಿಸಿತು. ಹೊರಟ ಕೂಡಲೇ ಇಲ್ಲಿ ಬರೆಯಿರಿ.

ತುಮಕೂರಿನ ಸದಸ್ಯ: ವಾಂತಿಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿ. ದೃಷ್ಟಿಯೂ ತೆಗೆಯಿರಿ.

ವೈದ್ಯೆ: ನೆಕ್ಕಿಸಬಾರದು. ವರ್ಷ ತುಂಬದ ಮಗುವಿಗೆ ಜೇನು ಅಪಾಯಕಾರಿ, ಅದರಿಂದ ಬಾಟ್ಯುಲಿಸಂ ಎಂಬ, ಸ್ನಾಯುಗಳ ಶಕ್ತಿ ಕುಂದಿಸುವ ವಿಷಬಾಧೆ ಬರಬಹುದು. ಈ ಕೂಸಿಗೆ ಗಂಟೆಗಳ ಲೆಕ್ಕದಲ್ಲಿ ಸಮಯವಿದೆ, ಅದನ್ನು ನೀವು ಬಜೆ ತೇಯಲು ಕಳೆಯಿರಿ ಎನ್ನುತ್ತಿದ್ದೀರಿ. ಇನ್ನೊಂದು ಮನೆಮದ್ದು ಇಲ್ಲಿ ಬಂದರೆ ನಿಮ್ಮನ್ನು ಗುಂಪಿನಿಂದ ತೆಗೆಯಲು ಕೇಳುತ್ತೇನೆ.

ಬಾಗಲಕೋಟೆಯ ಸದಸ್ಯ: ಇಂಥ ಮಕ್ಕಳು ಮನೆತನಕ್ಕೆ ಕಳಂಕ. ದೊಡ್ಡದಾಗುವ ಮೊದಲೇ ಸರಿಮಾಡಿಸುವುದು ಒಳ್ಳೆಯದು.

ಬಳ್ಳಾರಿಯ ಸದಸ್ಯೆ: ಯಾರಿಗೆ ಕಳಂಕ? ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಸಂದಾಗ ಇಡೀ ನಾಡು ಹೆಮ್ಮೆಪಟ್ಟಿತು.

ಬಾಗಲಕೋಟೆಯ ಸದಸ್ಯ: ನಿಮ್ಮ ಮನೆಯಲ್ಲಿ ಹುಟ್ಟಿದ್ದರೆ ಹೀಗೆ ಬರೆಯುತ್ತಿದ್ದಿರಾ?

ಧಾರವಾಡದ ಶಿಕ್ಷಕಿ: ಒಂದು ಕೂಸು ಸಾಯುವ ಸ್ಥಿತಿಯಲ್ಲಿರುವಾಗ ಈ ಭಾಷೆ ಆಡುವುದಕ್ಕೆ ನಿಮಗೆ ನಾಚಿಕೆಯಾಗಬೇಕು.

ವೈದ್ಯೆ: ಇಬ್ಬರೂ ನಿಲ್ಲಿಸಿ. ತಾನು ಯಾರೆಂದು ಒಬ್ಬ ವ್ಯಕ್ತಿ ತಿಳಿದು ಹೇಳಿಕೊಳ್ಳುವುದು ಬೇರೆ, ಶಿಶುವಿನ ಗ್ರಂಥಿ ಕೆಲಸ ಮಾಡದಿರುವುದು ಬೇರೆ. ಹಾವೇರಿಯವರು ಹೊರಟಿದ್ದಾರೆಯೇ?

ಹಾವೇರಿಯಿಂದ, ಚಿಕ್ಕಮ್ಮ: ಆಂಬ್ಯುಲೆನ್ಸ್‌ನಲ್ಲಿದ್ದೇವೆ.

ಶಿವಮೊಗ್ಗದ ತಾಯಿ: ನನ್ನ ಮಗ 6 ಸೆಂ.ಮೀ. ಬೆಳೆದಿದ್ದಾನೆ. ಹಾರ್ಮೋನ್ ಬೇಕೇ?

ವೈದ್ಯೆ: ಬೇಡ.

ಹಾವೇರಿಯಿಂದ, ಚಿಕ್ಕಮ್ಮ: ದಾಖಲಿಸಿಕೊಂಡರು. ಸೋಡಿಯಂ 116, ಪೊಟ್ಯಾಶಿಯಂ 7.4 ಅಂದರು. ಸಲೈನ್ ಮತ್ತು ಹೈಡ್ರೊಕಾರ್ಟಿಸೋನ್ ಕೊಟ್ಟಿದ್ದಾರೆ. ಜನನ ನೋಂದಣಿಗೆ 21 ದಿನದ ಗಡುವಿದೆಯಂತೆ, ಏನೆಂದು ಬರೆಸಲಿ?

ವೈದ್ಯೆ: ಸೋಡಿಯಂ ತೀರ ಕಡಿಮೆ, ಪೊಟ್ಯಾಶಿಯಂ ತೀರ ಹೆಚ್ಚು; ಸರಿಯಾದ ಸಮಯಕ್ಕೆ ತಲುಪಿದ್ದೀರಿ. ಕ್ರೋಮೊಸೋಮ್ ಪರೀಕ್ಷೆಗೆ ರಕ್ತ ಕಳಿಸಲು, ಹೊಟ್ಟೆಯ ಸ್ಕ್ಯಾನ್ ಮಾಡಲು ಕೇಳಿ. ಅವುಗಳ ವರದಿ ಬರುವವರೆಗೆ ನಮೂನೆ ತುಂಬಿಸುವುದು ಬೇಡವೆಂದು ಆಸ್ಪತ್ರೆಯವರಲ್ಲಿ ವಿನಂತಿಸಿ. ಹೆಸರನ್ನು ನಂತರವೂ ಸೇರಿಸಬಹುದು. ರೋಗ ಖಚಿತವಾದರೆ ಕೊರತೆಯಾದ ಹಾರ್ಮೋನ್‌ಗಳ ಬದಲಿ ಗುಳಿಗೆಗಳು ಜೀವನಪೂರ್ತಿ ಬೇಕು, ಒಂದು ದಿನವೂ ತಪ್ಪಬಾರದು. ಜ್ವರ ಬಂದಾಗ ಪ್ರಮಾಣ ಹೆಚ್ಚಿಸಬೇಕು. ಎಷ್ಟೆಂದು ವೈದ್ಯರಿಂದ ಬರೆಸಿಕೊಳ್ಳಿ. ಮುಂದಿನ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದರಷ್ಟು ಸಂಭವವಿರುತ್ತದೆ, ಆದ್ದರಿಂದ ಅಕ್ಕ ಮತ್ತು ಭಾವ ಮೊದಲೇ ಆನುವಂಶಿಕ ಸಲಹೆ ಪಡೆಯಲಿ.

ಮೈಸೂರಿನ ಅಜ್ಜಿ: ಎಡಗೈ ವಿಚಾರ ಕೇಳಿದ್ದೆ.

ನಿರ್ವಾಹಕರು: ವೈದ್ಯೆಯವರು ಹಾವೇರಿಯ ಪ್ರಕರಣದ ವೈದ್ಯರೊಂದಿಗೆ ದೂರವಾಣಿಯಲ್ಲಿ ಮಾತನಾಡುತ್ತಿದ್ದಾರೆ. ಪ್ರಶ್ನೋತ್ತರವನ್ನು ಇಲ್ಲಿಗೆ ಮುಚ್ಚಲಾಗಿದೆ. ಬಾಗಲಕೋಟೆಯ ಸದಸ್ಯರ ಸಂದೇಶಗಳನ್ನು ಅಳಿಸುತ್ತಿದ್ದೇವೆ.